ಹನೋಯ್‌ನ ಗದ್ದಲದಲ್ಲಿ ನಾವಿಬ್ಬರು: ಓದುಗರ ಪ್ರಶ್ನೆಗಳಿಗೆ ಉತ್ತರ

ಕಳೆದ ನವೆಂಬರ್‌ನಲ್ಲಿ ನಾನೂ ನಮ್ಮ ಯಜಮಾನರೂ ವಿಯೆಟ್ನಾಮಿನ ರಾಜಧಾನಿ ಹನೋಯ್‌ನಲ್ಲಿ 9 ದಿನ ಇದ್ದು ಬಂದ ಸಂಗತಿಯನ್ನು ಈ ಅಂಕಣದಲ್ಲಿ ಚಿಕ್ಕದಾಗಿ ಬರೆದಿದ್ದೆ. ಅವರಿಗೆ 66 ವರ್ಷ. ಎಡಗಿವಿ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಬಲಗಿವಿಗೆ ಶ್ರವಣಸಾಧನ ಹಾಕಿಕೊಳ್ಳುತ್ತಾರೆ. ಅಂಥವರನ್ನು ಕರೆದುಕೊಂಡು ಹಗಲೂ ರಾತ್ರಿ ಸದ್ದು ಮಾಡುವ ಊರಿಗೆ ಹೋದದ್ದಾದರೂ ಏಕೆ, ಹೋಗಿ ಏನು ಕಂಡಿರಿ ಎಂದು ಕೇಳಿ ಹಲವು ಪತ್ರಗಳು ಬಂದಿವೆ. ಒಂದೇ ವಿಷಯವನ್ನು ಕೇಳಿದವುಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ಮದುವೆಯಾಗಿ ಮುಂದಿನ ವರ್ಷಕ್ಕೆ ಮೂವತ್ತು ವರ್ಷ ತುಂಬುತ್ತದೆ. ಹನೋಯ್ ನೋಡಬೇಕೆಂಬ ಆಸೆ ನನ್ನದು. ನಮ್ಮವರಿಗೆ ಊರ ಜಾತ್ರೆಯ ಮೈಕಿನ ಸದ್ದೂ ಆಗಿಬರುವುದಿಲ್ಲ. ಅಂಥವರನ್ನು ಅಲ್ಲಿಗೆ ಕರೆದೊಯ್ಯುವುದು ಸರಿಯೇ? (ಓದುಗರು, ಸಾಗರ)

ಉತ್ತರ: ಕರೆದುಕೊಂಡು ಹೋಗಿ. ಆದರೆ ಆ ಊರಿನಲ್ಲಿ ಸದ್ದು ಎಲ್ಲಿರುತ್ತದೆ, ಯಾವ ಹೊತ್ತಿನಲ್ಲಿರುತ್ತದೆ ಎಂಬುದನ್ನು ತಿಳಿದುಕೊಂಡು ಹೋಗಿ. ನಾವು ಅದನ್ನು ತಿಳಿಯದೆ ಹೋಗಿ ಮೊದಲ ಎರಡು ರಾತ್ರಿ ಕಷ್ಟಪಟ್ಟೆವು.

ಹನೋಯ್ 80 ಲಕ್ಷಕ್ಕೂ ಹೆಚ್ಚು ಜನರ ನಗರ, ಅಲ್ಲಿರುವ ಮೋಟಾರ್‌ಸೈಕಲ್ಲುಗಳು 60 ಲಕ್ಷಕ್ಕೂ ಹೆಚ್ಚು. ಇದರ ಮೇಲೆ ಬೀದಿ ವ್ಯಾಪಾರಿಗಳ ಧ್ವನಿಮುದ್ರಿತ ಕೂಗು, ಪಾದಚಾರಿ ಮಾರ್ಗದ ಮೇಲೇ ಹಾಸಿದ ಪುಟ್ಟ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕುಳಿತವರ ಮಾತು, ಕಟ್ಟಡ ಕೆಲಸ, ಸಂಜೆಯಾದರೆ ಎಳೆದೊಯ್ಯುವ ಸ್ಪೀಕರಿನಲ್ಲಿ ಕರಾವೊಕೆ ಹಾಡು. ಶ್ರವಣಸಾಧನ ಬಳಸುವವರಿಗೆ ಇದು ಎರಡು ಪಟ್ಟು ತೊಂದರೆ. ಏಕೆಂದರೆ ಸಾಧನವು ಪಕ್ಕದಲ್ಲಿ ನಿಂತ ಹೆಂಡತಿಯ ಮಾತನ್ನು ಹೆಚ್ಚಿಸುವಾಗ ಹಿಂದಿನಿಂದ ಬರುವ ಹಾರ್ನನ್ನೂ ಹೆಚ್ಚಿಸುತ್ತದೆ. ಆರೋಗ್ಯವಾದ ಎರಡು ಕಿವಿಗಳಿರುವವರ ಮಿದುಳು ಬೇಕಾದ ದನಿಯನ್ನು ಆರಿಸಿಕೊಳ್ಳುವಷ್ಟು ಸಲೀಸಾಗಿ ಅದು ಆರಿಸಿಕೊಡಲಾರದು.

ನಾವು ಬುಕ್ ಮಾಡಿದ್ದ ವಸತಿಗೃಹದವರು ಪತ್ರದಲ್ಲಿ "ಶಾಂತವಾದ ಕೋಣೆ" ಎಂದು ಬರೆದಿದ್ದರು. ಹೋಗಿ ನೋಡಿದರೆ ಎರಡನೆಯ ಮಹಡಿ, ಬೀದಿಗೇ ತೆರೆಯುವ ಬಾಲ್ಕನಿ, ಕೆಳಗೆ ಬಿಯರ್ ಅಂಗಡಿ. ನಮ್ಮವರು ಸಾಧನವನ್ನು ಕಳಚಿಟ್ಟು ಹೇಗೋ ಮಲಗಿದರು, ನಿದ್ದೆಯಿಲ್ಲದೆ ಹೊರಳಾಡಿದವಳು ನಾನು. ಮೂರನೆಯ ದಿನ ಅದೇ ಬೀದಿಯ ಇನ್ನೊಂದು ಕಡೆ ಕಿಟಕಿಯಿಲ್ಲದ ಒಳಕೋಣೆಯೊಂದು ಕಡಿಮೆ ದರಕ್ಕೆ ಸಿಕ್ಕಿತು. ಕಿಟಕಿಯಿಲ್ಲದ ಕೋಣೆ ಎಂದರೆ ನಾವು ಮೂಗು ಮುರಿಯುತ್ತೇವೆ. ಅಲ್ಲಿ ಬಾಗಿಲು ಹಾಕಿದ ಕೂಡಲೇ ಬೀದಿಯ ಸದ್ದು ಪೂರ್ತಿ ನಿಂತುಹೋಯಿತು, ಉಳಿದದ್ದು ಫ್ಯಾನಿನ ಸದ್ದು ಮಾತ್ರ. ಉಳಿದ ರಾತ್ರಿಗಳನ್ನು ಅಲ್ಲೇ ಕಳೆದೆವು.

ಇದಕ್ಕೆ ಕಾರಣ ಆ ಊರಿನ ಮನೆಗಳ ರಚನೆ. ಹಳೆಯ ಪೇಟೆಯ ಮನೆಗಳ ಮುಂಭಾಗ ಮೂರು ನಾಲ್ಕು ಮೀಟರ್ ಅಗಲ, ಒಳಕ್ಕೆ ಹೋದರೆ ಹತ್ತಾರು ಮೀಟರ್ ಉದ್ದ. ಇವುಗಳಿಗೆ ಕೊಳವೆ ಮನೆಗಳೆಂದೇ ಹೆಸರು. ಬೀದಿಯ ಕಡೆ ಅಂಗಡಿ, ಅದರ ಹಿಂದೆ ಗಾಳಿ ಬೆಳಕಿಗೆಂದು ನಮ್ಮ ತೊಟ್ಟಿಮನೆಯಲ್ಲಿರುವಂಥ ಬಯಲು ಅಂಗಳ, ಅದರ ಹಿಂದೆ ವಾಸದ ಕೋಣೆ, ಮತ್ತೆ ಅಂಗಳ, ಕೊನೆಗೆ ಅಡುಗೆಮನೆ. ಮಾ ಮೇ ಬೀದಿಯ 87ನೇ ಸಂಖ್ಯೆಯ ಮನೆಯನ್ನು ದುರಸ್ತಿ ಮಾಡಿ ಪ್ರವಾಸಿಗರಿಗೆ ತೆರೆದಿಟ್ಟಿದ್ದಾರೆ. ಅದರ ಹೊಸ್ತಿಲು ದಾಟಿ ಎರಡನೆಯ ಅಂಗಳಕ್ಕೆ ಬರುವ ಹೊತ್ತಿಗೆ, ಕೇವಲ ಇಪ್ಪತ್ತು ಹೆಜ್ಜೆ ಹಿಂದೆ ಅಷ್ಟೊಂದು ಮೋಟಾರ್‌ಸೈಕಲ್ಲುಗಳು ಓಡುತ್ತಿವೆ ಎಂಬುದೇ ಮರೆತುಹೋಗುತ್ತದೆ. ಊರಿನ ಗಲ್ಲಿಗಳೂ ಹೀಗೆಯೇ ಇವೆ. ಗದ್ದಲ ಬೀದಿಯ ಅಂಚಿನಲ್ಲಿ, ನೆಮ್ಮದಿ ಒಳಗೆ. ಇದನ್ನು ಕಂಡುಕೊಂಡ ಮೇಲೆ ನಮ್ಮವರಿಗೆ ಸಾಕೆನಿಸಿದಾಗಲೆಲ್ಲ ಹತ್ತಿರದ ಗಲ್ಲಿಗೆ ತಿರುಗಿ ಒಳಗೆ ನಡೆದುಬಿಡುತ್ತಿದ್ದೆವು.

ಹೊತ್ತಿನ ವಿಷಯವನ್ನೂ ಹೇಳುತ್ತೇನೆ. ಬೆಳಿಗ್ಗೆ 7ರಿಂದ 8.30, ಸಂಜೆ 5ರಿಂದ 7 ಅತ್ಯಂತ ಕಠಿಣ. ಮಧ್ಯಾಹ್ನ ಊಟವಾದ ಮೇಲೆ ಸುಮಾರು ಒಂದು ಗಂಟೆ ಅಲ್ಲಿಯವರು ಕಣ್ಣು ಮುಚ್ಚುವ ಹೊತ್ತು. ಅಂಗಡಿಯವರು ಕೌಂಟರಿನ ಹಿಂದೆ ಮಡಿಸುವ ಮಂಚ ಹಾಕಿಕೊಂಡು ಮಲಗುತ್ತಾರೆ, ಬಾಡಿಗೆ ಬೈಕಿನವರು ಮರದ ನೆರಳಲ್ಲಿ ತಮ್ಮ ಬೈಕಿನ ಮೇಲೇ ಮೈಚಾಚುತ್ತಾರೆ. ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಜನವಸತಿ ಪ್ರದೇಶಗಳಲ್ಲಿ ಹಾರ್ನ್ ಹಾಕಬಾರದೆಂಬ ಕಾನೂನಿದೆ. ಊರಿನ ನಡುವಿನ ಹೋವಾನ್ ಕಿಯೆಮ್ ಸರೋವರದ ಸುತ್ತಲಿನ ರಸ್ತೆಗಳಲ್ಲಿ ಶುಕ್ರವಾರ ಸಂಜೆಯಿಂದ ಭಾನುವಾರ ರಾತ್ರಿಯವರೆಗೆ ವಾಹನಗಳನ್ನು ಬಿಡುವುದಿಲ್ಲ. 2016ರಲ್ಲಿ ಆರಂಭವಾದ ಈ ಏರ್ಪಾಟಿನಿಂದ ವಾರಾಂತ್ಯದಲ್ಲಿ ಅಲ್ಲಿ ವಾಹನಗಳ ಸದ್ದಿನ ಬದಲು ಮಕ್ಕಳ ಕೇಕೆ, ಹಾಡು, ವಾದ್ಯ ಕೇಳಿಸುತ್ತವೆ. ಸದ್ದು ಕಡಿಮೆಯೆಂದು ಹೇಳಲಾರೆ, ಆದರೆ ಅದು ಮನುಷ್ಯರ ಸದ್ದು. ನಮ್ಮವರಿಗೆ ಅದು ಹಿತವಾಗಿಯೇ ಇತ್ತು.

ಪ್ರಶ್ನೆ: ಹನೋಯ್‌ನಲ್ಲಿ ರಸ್ತೆ ದಾಟುವುದೇ ಒಂದು ಸಾಹಸವೆಂದು ಕೇಳಿದ್ದೇನೆ. ವಯಸ್ಸಾದವರು ಹೇಗೆ ದಾಟಬೇಕು? (ಓದುಗರು, ತುಮಕೂರು)

ಉತ್ತರ: ಮೊದಲು ನೆನಪಿಡಬೇಕಾದದ್ದು ದಿಕ್ಕು. ವಿಯೆಟ್ನಾಮಿನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ನಾವು ಹುಟ್ಟಿದಾಗಿನಿಂದ ಮೊದಲು ಬಲಕ್ಕೆ ನೋಡಿ ರಸ್ತೆಗೆ ಇಳಿದವರು, ಅಲ್ಲಿ ಮೊದಲ ಅಪಾಯ ಬರುವುದು ಎಡದಿಂದ. ಈ ಅಭ್ಯಾಸ ತಪ್ಪಲು ನನಗೆ ನಾಲ್ಕು ದಿನ ಹಿಡಿಯಿತು. ಅದರ ಜೊತೆಗೆ ಎದುರು ದಿಕ್ಕಿನಲ್ಲಿ ಬರುವ ಬೈಕುಗಳೂ, ಪಾದಚಾರಿ ಮಾರ್ಗವನ್ನೇ ಏರುವ ಬೈಕುಗಳೂ ಇರುತ್ತವೆ.

ಎರಡನೆಯದು ನಡಿಗೆ. ದಾರಿ ಖಾಲಿಯಾಗಲಿ ಎಂದು ಕಾಯುತ್ತಾ ನಿಂತರೆ ಸಂಜೆಯವರೆಗೂ ನಿಲ್ಲಬೇಕಾಗುತ್ತದೆ. ಬೈಕುಗಳಲ್ಲಿ ಒಂದು ಸಣ್ಣ ಬಿಡುವು ಕಂಡಾಗ ಇಳಿದು, ಒಂದೇ ವೇಗದಲ್ಲಿ, ನಿಧಾನವಾಗಿ, ನೇರವಾಗಿ ನಡೆಯಬೇಕು. ಸವಾರರು ನಿಮ್ಮ ಮುಂದಿನ ಹೆಜ್ಜೆ ಎಲ್ಲಿ ಬೀಳುತ್ತದೆ ಎಂಬುದನ್ನು ದೂರದಿಂದಲೇ ಅಂದಾಜಿಸಿ ನಿಮ್ಮ ಹಿಂದಿನಿಂದಲೋ ಮುಂದಿನಿಂದಲೋ ಹಾದುಹೋಗುತ್ತಾರೆ. ನೀವು ಓಡಿದರೆ, ಗಕ್ಕನೆ ನಿಂತರೆ, ಎಲ್ಲಕ್ಕಿಂತ ಮುಖ್ಯವಾಗಿ ಹೆದರಿ ಒಂದು ಹೆಜ್ಜೆ ಹಿಂದಿಟ್ಟರೆ ಅವರ ಅಂದಾಜು ತಪ್ಪುತ್ತದೆ. ಬೈಕುಗಳಿಗೆ ಮಾತ್ರ ಈ ಮಾತು ಅನ್ವಯಿಸುತ್ತದೆ. ಬಸ್ಸು ಕಾರುಗಳು ಹಾಗೆ ಬಳಸಿಕೊಂಡು ಹೋಗುವುದಿಲ್ಲ, ಅವು ಬರುತ್ತಿದ್ದರೆ ನೀವೇ ಕಾಯಬೇಕು.

ಒಂದೇ ಕಿವಿ ಕೇಳಿಸುವವರಿಗೆ ಇನ್ನೊಂದು ತೊಡಕಿದೆ. ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯಲು ಎರಡು ಕಿವಿಗಳೂ ಬೇಕು. ನಮ್ಮವರಿಗೆ ಹಾರ್ನ್ ಕೇಳಿಸುತ್ತದೆ, ಅದು ಎಲ್ಲಿಂದ ಬಂತೆಂದು ತಿಳಿಯುವುದಿಲ್ಲ. ಲಾಂಗ್ ಬಿಯೆನ್ ಸೇತುವೆಯ ಬುಡದ ದೊಡ್ಡ ರಸ್ತೆಯನ್ನು ಮೊದಲ ಸಲ ದಾಟುವಾಗ ಅವರು ನಡುವೆ ನಿಂತು ತಪ್ಪು ದಿಕ್ಕಿಗೆ ತಿರುಗಿದರು. ಒಬ್ಬ ಹೆಂಗಸು, ಬೈಕಿನ ಹಿಂದೆ ಹೂವಿನ ಕಟ್ಟುಗಳನ್ನು ತನಗಿಂತ ಎತ್ತರಕ್ಕೆ ಪೇರಿಸಿಕೊಂಡಿದ್ದವಳು, ಅವರ ಮೊಣಕೈಗೆ ಒಂದು ಗೇಣು ದೂರದಲ್ಲಿ ಬ್ರೇಕ್ ಹಾಕಿ ನಿಂತಳು. ಆಕೆ ಬೈಯಲಿಲ್ಲ. ಗಲ್ಲದಿಂದಲೇ ಮುಂದಕ್ಕೆ ಹೋಗಿ ಎಂದು ಸನ್ನೆ ಮಾಡಿ, ನಾವು ದಾಟುವವರೆಗೆ ನಿಂತೇ ಇದ್ದಳು. ಅಂದಿನಿಂದ ನಾವೊಂದು ಕ್ರಮ ಮಾಡಿಕೊಂಡೆವು. ರಸ್ತೆಗೆ ಇಳಿಯುವಾಗ ನಾನು ಅವರ ಎಡಗಡೆ, ನಡುರಸ್ತೆಗೆ ಬಂದ ಕೂಡಲೇ ಅವರ ಬೆನ್ನ ಹಿಂದಿನಿಂದ ಬಲಗಡೆಗೆ. ನನ್ನ ಕೈ ಅವರ ಮೊಣಕೈ ಮೇಲೆ. ಒತ್ತಿದರೆ ನಿಲ್ಲಬೇಕು, ಬಿಟ್ಟರೆ ನಡೆಯಬೇಕು. ಆ ಗದ್ದಲದಲ್ಲಿ "ಬನ್ನಿ", "ನಿಲ್ಲಿ" ಎಂದು ಕೂಗುವುದರಿಂದ ಯಾವ ಪ್ರಯೋಜನವೂ ಇಲ್ಲ.

ಹಾರ್ನಿನ ಬಗ್ಗೆ ಒಂದು ಮಾತು. ಅಲ್ಲಿನ ಚಿಕ್ಕ ಹಾರ್ನ್ ಹೆಚ್ಚಿನ ಸಲ ಕೋಪದ್ದಲ್ಲ. ಆಗುಂಬೆ ಘಾಟಿಯ ತಿರುವಿನಲ್ಲಿ ನಮ್ಮ ಬಸ್ಸಿನವರು ಹಾಕುವಂಥದ್ದೇ ಅದು, "ನಾನು ಇಲ್ಲಿದ್ದೇನೆ" ಎಂದು ತಿಳಿಸುವುದಷ್ಟೇ. ಇದನ್ನು ಅರ್ಥ ಮಾಡಿಕೊಂಡ ಮೇಲೆ ಎದೆ ಬಡಿತ ಅರ್ಧ ಇಳಿಯಿತು. ಕೆಂಪು ದೀಪಕ್ಕೆ ನಿಲ್ಲದೆ ಹೋಗುವ ರೂಢಿಯೂ ಈಗ ಕಡಿಮೆ. 2025ರ ಜನವರಿ 1ರಿಂದ ಬೈಕಿನವರು ಕೆಂಪು ದೀಪ ದಾಟಿದರೆ ಅಲ್ಲಿಯ ಹಣವಾದ ಡಾಂಗ್‌ನಲ್ಲಿ 40ರಿಂದ 60 ಲಕ್ಷ ದಂಡವಿದೆ, ಹಿಂದೆ ಅದು 8ರಿಂದ 10 ಲಕ್ಷದಷ್ಟಿತ್ತು. ಆದ್ದರಿಂದ ಸಾಧ್ಯವಾದಲ್ಲೆಲ್ಲ ಸಿಗ್ನಲ್ ಇರುವ ಕಡೆಯೇ ದಾಟಿ.

ಪ್ರಶ್ನೆ: ನಾವು ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನದ ಮನೆಯವರು. ಅಲ್ಲಿ ಉಪವಾಸವೇ ಗತಿಯೇ? (ಓದುಗರು, ಉಡುಪಿ)

ಉತ್ತರ: ನಿಮಗೆ ನಿರಾಶೆಯಾಗದು. ಸಸ್ಯಾಹಾರಕ್ಕೆ ಅಲ್ಲಿ "ಚಯ್" ಎನ್ನುತ್ತಾರೆ, ಸಸ್ಯಾಹಾರ ತಿನ್ನುವುದಕ್ಕೆ "ಅನ್ ಚಯ್". ಅವರ ಭಾಷೆಯ ಲಿಪಿ ರೋಮನ್ ಆದ್ದರಿಂದ ಅಂಗಡಿಯ ಫಲಕದಲ್ಲಿ ಸಿ, ಎಚ್, ಎ, ವೈ ಎಂಬ ನಾಲ್ಕು ಅಕ್ಷರಗಳನ್ನು ನೀವೇ ಓದಿಕೊಳ್ಳಬಹುದು. ವಿಯೆಟ್ನಾಮಿನ ಬೌದ್ಧ ಸಂಪ್ರದಾಯದ ಚಯ್ ಅಡುಗೆಯಲ್ಲಿ ಮಾಂಸ, ಮೀನಿನ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯಂಥ ಘಾಟಿನ ಪದಾರ್ಥಗಳನ್ನೂ ಬಿಡುತ್ತಾರೆ. ಎಲ್ಲ ಹೋಟೆಲಿನವರೂ ಅದನ್ನು ಪಾಲಿಸುವುದಿಲ್ಲ, ಕೇಳಿಯೇ ತಿನ್ನಬೇಕು. ಆದರೆ ಮಠದ ಅಡುಗೆಯ ಶುದ್ಧಿ ಎಂದರೆ ಏನೆಂದು ಅವರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಅನುಕೂಲ, ಚಾಂದ್ರಮಾಸದ ಮೊದಲ ದಿನ ಮತ್ತು ಹದಿನೈದನೆಯ ದಿನ, ಅಂದರೆ ಅಮಾವಾಸ್ಯೆ ಹುಣ್ಣಿಮೆಯ ಆಸುಪಾಸಿನಲ್ಲಿ, ಎಷ್ಟೋ ಜನ ಅಲ್ಲಿ ಮಾಂಸ ಮುಟ್ಟುವುದಿಲ್ಲ. ನಾವಿದ್ದಾಗ ಹುಣ್ಣಿಮೆ ಬಂತು. ಹಿಂದಿನ ದಿನದವರೆಗೆ ಗೋಮಾಂಸದ ಸಾರು ಕುದಿಯುತ್ತಿದ್ದ ನಮ್ಮ ಬೀದಿಯ ಅಂಗಡಿಯಲ್ಲಿ ಅಂದು ಅಣಬೆ, ಟೋಫು, ಮೂಲಂಗಿಯ ಸಾರು. ಅಂಗಡಿಯ ಅಜ್ಜಿ ನಮ್ಮನ್ನು ದೂರದಿಂದಲೇ ಕಂಡು "ಚಯ್, ಚಯ್" ಎಂದು ಕರೆದು ಕೂರಿಸಿದರು. ನಾಲ್ಕು ದಿನದಿಂದ ಬರೀ ಬಾಳೆಹಣ್ಣು, ಬ್ರೆಡ್ಡು ಕೊಂಡು ಹೋಗುತ್ತಿದ್ದ ನಮ್ಮನ್ನು ಆಕೆ ಗಮನಿಸಿದ್ದರೆಂದು ಅಂದು ತಿಳಿಯಿತು.

ಎಚ್ಚರ ಬೇಕಾದದ್ದು ಮೀನಿನ ರಸದ ವಿಷಯದಲ್ಲಿ. "ನೂಕ್ ಮಾಮ್" ಎಂಬ ಇದು ನಮ್ಮಲ್ಲಿ ಉಪ್ಪಿದ್ದಂತೆ, ಕೇವಲ ತರಕಾರಿ ಕಾಣಿಸುವ ತಟ್ಟೆಯಲ್ಲೂ ಇರುತ್ತದೆ. "ಖೋಂಗ್ ನೂಕ್ ಮಾಮ್", ಅಂದರೆ ಮೀನಿನ ರಸ ಬೇಡ, ಎಂಬ ಮೂರು ಪದಗಳನ್ನು ಅವರ ಲಿಪಿಯಲ್ಲಿ ಬರೆಸಿಟ್ಟುಕೊಂಡು ತೋರಿಸಿ. ಸದ್ದಿನಲ್ಲಿ ಬಾಯಿಮಾತು ಕೇಳಿಸುವುದಿಲ್ಲ, ನಮ್ಮ ಉಚ್ಚಾರವೂ ಅವರಿಗೆ ಹಿಡಿಯುವುದಿಲ್ಲ. ಮೊಟ್ಟೆ ಬೇಡವಾದರೆ ಅದನ್ನೂ ಪ್ರತ್ಯೇಕವಾಗಿ ಹೇಳಿ.

ಪ್ರಶ್ನೆ: ನಾನು ಕಾಫಿ ಬೆಳೆಗಾರ. ಅಲ್ಲಿಯ ಕಾಫಿ ನಮ್ಮದಕ್ಕಿಂತ ಹೇಗೆ ಬೇರೆ? (ಓದುಗರು, ಚಿಕ್ಕಮಗಳೂರು ಜಿಲ್ಲೆ)

ಉತ್ತರ: ನಿಮಗೆ ತಿಳಿದೇ ಇರುವಂತೆ ಕಾಫಿ ರಫ್ತಿನಲ್ಲಿ ಬ್ರೆಜಿಲ್ ನಂತರದ ಸ್ಥಾನ ವಿಯೆಟ್ನಾಮಿನದು, ಬೆಳೆಯ ಬಹುಪಾಲು ರೊಬಸ್ಟಾ. ತೋಟಗಳು ಹನೋಯ್ ಸುತ್ತ ಇಲ್ಲ, ಹೆಚ್ಚಿನವು ದೂರದ ಮಧ್ಯ ಪ್ರಸ್ಥಭೂಮಿಯ ದಾಕ್ ಲಾಕ್ ಕಡೆ ಇವೆ. ನಗರದಲ್ಲಿ ನೀವು ಕಾಣುವುದು ಕುಡಿಯುವ ಕ್ರಮವನ್ನು. "ಫಿನ್" ಎಂಬ ಪುಟ್ಟ ಲೋಹದ ಫಿಲ್ಟರನ್ನು ಲೋಟದ ಮೇಲೇ ಕೂರಿಸುತ್ತಾರೆ. ನಮ್ಮ ಫಿಲ್ಟರಿನ ಮೇಲ್ಭಾಗ ಮಾತ್ರ ಇದ್ದಂತೆ ಅದು. ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಕೆಳಗಿನ ಮಂದಗೊಳಿಸಿದ ಸಿಹಿ ಹಾಲಿನ ಮೇಲೆ ಬೀಳುತ್ತದೆ. ಚಿಕೋರಿ ಇಲ್ಲ, ಹುರಿ ಮಾತ್ರ ನಮ್ಮದಕ್ಕಿಂತ ಕಪ್ಪು. ಬೆಳಗಿನ ಕಾಫಿಗೆ ನಾಲಿಗೆ ಪಳಗಿದ ನಮ್ಮವರಿಗೆ ಅದು ಮೊದಲ ಗುಟುಕಿಗೆ ಕಷಾಯದಂತೆಯೂ ಮೂರನೆಯ ದಿನಕ್ಕೆ ಬಿಡಲಾಗದ್ದೂ ಆಯಿತು.

ಹನೋಯ್‌ನದೇ ಆದದ್ದು ಮೊಟ್ಟೆ ಕಾಫಿ. 1946ರಲ್ಲಿ, ಹಾಲಿಗೆ ಅಭಾವವಿದ್ದ ಕಾಲದಲ್ಲಿ, ಮೆಟ್ರೋಪೋಲ್ ಹೋಟೆಲಿನಲ್ಲಿ ಕೆಲಸಕ್ಕಿದ್ದ ನ್ಗುಯೆನ್ ವಾನ್ ಜಾಂಗ್ ಎಂಬವರು ಹಾಲಿನ ಬದಲು ಮೊಟ್ಟೆಯ ಹಳದಿಯನ್ನು ಸಕ್ಕರೆಯೊಂದಿಗೆ ನೊರೆಬರುವಂತೆ ಕಡೆದು ಕಾಫಿಯ ಮೇಲೆ ಹಾಕಿದರು. ಅವರ ಹೆಸರಿನ ಅಂಗಡಿ ನ್ಗುಯೆನ್ ಹುವು ಹುವಾನ್ ಬೀದಿಯ 39ನೇ ಸಂಖ್ಯೆಯಲ್ಲಿ, ಇಬ್ಬರು ಎದುರುಬದುರಾದರೆ ಒಬ್ಬರು ಓರೆಯಾಗಬೇಕಾದಷ್ಟು ಇಕ್ಕಟ್ಟಾದ ಓಣಿಯ ಒಳಗಿದೆ. ನಾನು ಕುಡಿಯುವುದಿಲ್ಲ, ನಮ್ಮವರು ಎರಡು ಬಟ್ಟಲು ಕುಡಿದರು.

ಪ್ರಶ್ನೆ: ನಮ್ಮ ಅಂಗಡಿ ಇರುವುದು ಬಳೇಪೇಟೆಯಲ್ಲಿ. ಹನೋಯ್‌ನಲ್ಲೂ ಒಂದೊಂದು ಕಸುಬಿಗೆ ಒಂದೊಂದು ಬೀದಿ ಇದೆಯಂತೆ, ಹೌದೇ? (ಓದುಗರು, ಬೆಂಗಳೂರು)

ಉತ್ತರ: ಹೌದು. ನಮ್ಮಲ್ಲಿ ಅಕ್ಕಿಪೇಟೆ, ಬಳೇಪೇಟೆ, ತರಗುಪೇಟೆ ಇದ್ದಂತೆ ಅಲ್ಲಿ "ಹಾಂಗ್" ಎಂಬ ಪದದಿಂದ ಆರಂಭವಾಗುವ ಬೀದಿಗಳು. ಹಾಂಗ್ ಎಂದರೆ ಸರಕು. ಹಾಂಗ್ ಬಾಕ್ ಎಂದರೆ ಬೆಳ್ಳಿ, ಹಾಂಗ್ ಥಿಯೆಕ್ ಎಂದರೆ ತವರ, ಹಾಂಗ್ ಮಾ ಎಂದರೆ ಪೂಜೆಯಲ್ಲಿ ಸುಡುವ ಕಾಗದದ ವಸ್ತುಗಳು. 1010ರಲ್ಲಿ ಲೀ ಥಾಯ್ ತೋ ದೊರೆ ಇಲ್ಲಿಗೆ ರಾಜಧಾನಿಯನ್ನು ತಂದು ಥಾಂಗ್ ಲಾಂಗ್, ಅಂದರೆ ಮೇಲೇಳುವ ಡ್ರ್ಯಾಗನ್, ಎಂದು ಹೆಸರಿಟ್ಟ. ಕೋಟೆಗೆ ಬೇಕಾದುದನ್ನು ಒದಗಿಸುವ ಕಸುಬುದಾರರು ಕೋಟೆಯ ಪೂರ್ವಕ್ಕೆ ಬಂದು ನೆಲೆಸಿ ಬೆಳೆದದ್ದೇ ಈ ಪೇಟೆ. ಇಂದು ಎಷ್ಟೋ ಬೀದಿಗಳಲ್ಲಿ ಹೆಸರು ಉಳಿದಿದೆ, ಕಸುಬು ಹೋಗಿದೆ. ಹಾಂಗ್ ಥಿಯೆಕ್‌ನಲ್ಲಿ ಇಂದಿಗೂ ತಗಡಿನ ಕೆಲಸ ನಡೆಯುತ್ತದೆ. ಅಂಗಡಿಯ ಮುಂದೆ ನೆಲದ ಮೇಲೆ ಕುಳಿತು ತಗಡನ್ನು ಬಾಗಿಸಿ, ಸುತ್ತಿಗೆಯಿಂದ ಅಂಚು ಮಡಿಸಿ, ಹೊಗೆ ಕೊಳವೆ, ಡಬ್ಬ, ಆಲಿಕೆಗಳನ್ನು ಮಾಡುತ್ತಾರೆ. ಆ ಬೀದಿಗೆ ಕಾಲಿಡುವ ಮೊದಲು ನಮ್ಮವರು ಸಾಧನ ತೆಗೆದು ಜೇಬಿಗೆ ಹಾಕಿಕೊಂಡರು, ಆದರೆ ಅರ್ಧ ಗಂಟೆ ಅಲ್ಲೇ ನಿಂತರು. ತಟ್ಟೆಯಷ್ಟಗಲದ ತಗಡು ಎಂಟು ಹತ್ತು ಪೆಟ್ಟಿಗೆ ಆಲಿಕೆಯಾಗುವುದನ್ನು ನೋಡಲು ಕಿವಿ ಬೇಕಾಗಿರಲಿಲ್ಲ.

ಪ್ರಶ್ನೆ: ನಾವು ಹೊಸದಾಗಿ ಮದುವೆಯಾದವರು. ಬಾಡಿಗೆಗೆ ಬೈಕು ಪಡೆದು ಊರು ಸುತ್ತಬಹುದೇ? ರೈಲು ಬೀದಿಯಲ್ಲಿ ಫೋಟೊ ತೆಗೆಸಿಕೊಳ್ಳುವುದು ಹೇಗೆ? (ಓದುಗರು, ಹುಬ್ಬಳ್ಳಿ)

ಉತ್ತರ: ಬೈಕು ಬೇಡ. ನಮ್ಮ ಆರ್‌ಟಿಓ ಕಚೇರಿ ಕೊಡುವ ಅಂತರರಾಷ್ಟ್ರೀಯ ಪರವಾನಗಿ ರಸ್ತೆ ಸಂಚಾರದ ಬಗ್ಗೆ ದೇಶಗಳು ಮಾಡಿಕೊಂಡ 1949ರ ಒಪ್ಪಂದದ ಪ್ರಕಾರದ್ದು, ವಿಯೆಟ್ನಾಂ ಮಾನ್ಯ ಮಾಡುವುದು 1968ರ ಒಪ್ಪಂದದ್ದನ್ನು. ಬಾಡಿಗೆಗೆ ಕೊಡುವವರು ಇದನ್ನು ಕೇಳುವುದೇ ಇಲ್ಲ. ಅಪಘಾತವಾದ ದಿನ ವಿಮೆಯವರು ಕೇಳುತ್ತಾರೆ. ಗ್ರ್ಯಾಬ್ ಆ್ಯಪ್‌ನಲ್ಲಿ ಬೈಕೋ ಕಾರೋ ಕರೆಸಿಕೊಳ್ಳಿ, ದರ ಮೊದಲೇ ತಿಳಿಯುತ್ತದೆ.

ರೈಲು ಬೀದಿ ಎಂದರೆ ಮನೆಗಳ ಹೊಸ್ತಿಲಿಗೆ ತಾಗಿದಂತೆ ರೈಲು ಹಾದುಹೋಗುವ ಓಣಿ. ಅಪಾಯದ ಕಾರಣಕ್ಕೆ ನಗರದ ಆಡಳಿತ 2019ರಲ್ಲಿ ಅಲ್ಲಿಯ ಕಾಫಿ ಅಂಗಡಿಗಳನ್ನು ಮುಚ್ಚಿಸಿತು, 2022ರಲ್ಲಿ ಮತ್ತೆ ಪರವಾನಗಿ ರದ್ದು ಮಾಡಿತು, ಆದರೂ ಜನ ಹೋಗುತ್ತಲೇ ಇದ್ದಾರೆ. ನಾವು ಹೋಗಲಿಲ್ಲ. ಹಿಂದಿನಿಂದ ಬರುವ ರೈಲಿನ ದಿಕ್ಕು ತಿಳಿಯದವರನ್ನು ಹಳಿಯ ಪಕ್ಕ ಕೂರಿಸುವ ಧೈರ್ಯ ನನಗಿಲ್ಲ. ನಿಮ್ಮ ಕಿವಿಗಳು ಚೆನ್ನಾಗಿದ್ದರೂ ಅಲ್ಲಿಯ ಇಕ್ಕಟ್ಟು ನಿಮಗೂ ಅಷ್ಟೇ ಇಕ್ಕಟ್ಟು. ಫೋಟೊಗೆ ಬೇರೆ ಜಾಗಗಳಿವೆ.

ಪ್ರಶ್ನೆ: ಪ್ರವಾಸಿಗರಿಗೆ ಅಲ್ಲಿ ಮೋಸವಾಗುತ್ತದೆಯೇ? ಹಣದ ಲೆಕ್ಕ ಹೇಗೆ? (ಓದುಗರು, ಮೈಸೂರು)

ಉತ್ತರ: ಸುಮಾರು 300 ಡಾಂಗ್ ಎಂದರೆ ನಮ್ಮ ಒಂದು ರೂಪಾಯಿ. ಲಕ್ಷಗಳಲ್ಲಿ ಲೆಕ್ಕ ಬರುವುದರಿಂದ ತಲೆ ಗೊಂದಲವಾಗುತ್ತದೆ. ಮುಖ್ಯವಾಗಿ 20 ಸಾವಿರದ ನೋಟೂ 5 ಲಕ್ಷದ ನೋಟೂ ಎರಡೂ ನೀಲಿ. ಸಂಜೆಯ ಮಬ್ಬಿನಲ್ಲಿ, ಹಿಂದೆ ಬೈಕಿನವರು ಹಾರ್ನ್ ಹಾಕುತ್ತಿರುವಾಗ, ಅವಸರದಲ್ಲಿ ಒಂದರ ಬದಲು ಇನ್ನೊಂದು ಕೊಟ್ಟರೆ 25 ಪಟ್ಟು ನಷ್ಟ. 5 ಲಕ್ಷದ ನೋಟುಗಳನ್ನು ಬೇರೆ ಚೀಲದಲ್ಲಿಡಿ.

ಮೋಸವೆಂದರೆ ನನಗಾದದ್ದು ಒಂದೇ. ಸರೋವರದ ಬಳಿ ಹಣ್ಣು ಮಾರುವ ಹೆಂಗಸೊಬ್ಬರು ನಗುತ್ತಾ ಬಂದು ತಮ್ಮ ಹೆಗಲ ಅಡ್ಡೆಯನ್ನು ನನ್ನ ಹೆಗಲಿಗೇರಿಸಿ, ತಲೆಗೆ ತಮ್ಮ ಗೋಪುರದ ಟೋಪಿ ಇಟ್ಟು, ಫೋಟೊ ತೆಗೆಯಿರೆಂದು ನಮ್ಮವರಿಗೆ ಸನ್ನೆ ಮಾಡಿದರು. ಆಮೇಲೆ ಹಣ ಕೇಳಿದರು, ಕೊಟ್ಟದ್ದು ಸಾಲದೆಂದು ಅನಾನಸಿನ ಚೀಲವನ್ನೂ ಕೈಗಿತ್ತು ದುಪ್ಪಟ್ಟು ಪಡೆದರು. ಆದರೆ ಆ ಅಡ್ಡೆಯ ಭಾರವನ್ನು ನಾನು ಮರೆತಿಲ್ಲ. ಒಂದು ನಿಮಿಷ ಹೊತ್ತದ್ದಕ್ಕೆ ನನ್ನ ಹೆಗಲು ಮರುದಿನವೂ ನೋಯುತ್ತಿತ್ತು, ಆಕೆ ಅದನ್ನು ಹೊತ್ತು ಇಡೀ ದಿನ ನಡೆಯುತ್ತಾರೆ. ಮೊದಲೇ ಬೇಡವೆಂದು ಕೈ ಮುಗಿದು ಸರಿದುಬಿಡುವುದು ಇಬ್ಬರಿಗೂ ಒಳ್ಳೆಯದು.

ಪ್ರಶ್ನೆ: ನಾನು ನಿವೃತ್ತ ಸೈನಿಕ. ಅಮೆರಿಕದ ಬಾಂಬ್ ದಾಳಿಯ ಗುರುತುಗಳು ಹನೋಯ್‌ನಲ್ಲಿ ಈಗಲೂ ಕಾಣುತ್ತವೆಯೇ? (ಓದುಗರು, ಮಡಿಕೇರಿ)

ಉತ್ತರ: ಕಾಣುತ್ತವೆ, ಆದರೆ ಅವು ದಿನನಿತ್ಯದ ಬದುಕಿನೊಳಗೆ ಸೇರಿಹೋಗಿವೆ. 1972ರ ಡಿಸೆಂಬರ್ 18ರಿಂದ 29ರವರೆಗೆ ಬಿ-52 ವಿಮಾನಗಳು ಹನೋಯ್ ಮೇಲೆ ಬಾಂಬ್ ಹಾಕಿದವು. 26ರ ರಾತ್ರಿ ಖಾಮ್ ಥಿಯೆನ್ ಬೀದಿಯ ಮನೆಗಳು ನೆಲಸಮವಾದವು, ಅಲ್ಲಿ ಇಂದು ಒಂದು ಸ್ಮಾರಕವಿದೆ. ಉರುಳಿಬಿದ್ದ ಒಂದು ವಿಮಾನದ ಅವಶೇಷ ನ್ಗೋಕ್ ಹಾ ಬಡಾವಣೆಯ ಹೂ ತಿಯೆಪ್ ಎಂಬ ಪುಟ್ಟ ಕೆರೆಯಲ್ಲಿ ಬಿದ್ದಲ್ಲೇ ಇದೆ. ಸುತ್ತ ಮನೆಗಳು, ಒಣಹಾಕಿದ ಬಟ್ಟೆ, ದಡದಲ್ಲಿ ಕಾಫಿ ಕುಡಿಯುವವರು. ಊರಿನ ಬಡಾವಣೆಗಳಲ್ಲಿ ಕಂಬಕ್ಕೆ ಕಟ್ಟಿದ ಧ್ವನಿವರ್ಧಕಗಳನ್ನು ನೋಡುತ್ತೀರಿ. ಇಂದು ಅವು ಆಡಳಿತದ ಪ್ರಕಟಣೆಗಳಿಗಾದರೆ, ಅಂದು ವಿಮಾನ ಎಷ್ಟು ದೂರದಲ್ಲಿದೆ, ಆಶ್ರಯಕ್ಕೆ ಓಡಿ ಎಂದು ಎಚ್ಚರಿಸುತ್ತಿದ್ದುದು ಇಂಥ ಧ್ವನಿವರ್ಧಕಗಳೇ. ಇದನ್ನು ತಿಳಿದ ಮೇಲೆ ಬೆಳಗಿನ ಆ ಪ್ರಕಟಣೆಯನ್ನು ನಾನು ಬರಿಯ ಗಲಾಟೆ ಎಂದುಕೊಳ್ಳಲಿಲ್ಲ.

ನೀವು ತಪ್ಪದೆ ನಡೆಯಬೇಕಾದದ್ದು ಲಾಂಗ್ ಬಿಯೆನ್ ಸೇತುವೆಯ ಮೇಲೆ. ಫ್ರೆಂಚರು 1899ರಿಂದ 1902ರವರೆಗೆ ಕೆಂಪು ನದಿಗೆ ಕಟ್ಟಿದ, ಸುಮಾರು 1.7 ಕಿಲೋಮೀಟರ್ ಉದ್ದದ ಕಬ್ಬಿಣದ ಸೇತುವೆ ಇದು. ಅಮೆರಿಕದ ವಿಮಾನಗಳು ಅದನ್ನು ಮತ್ತೆ ಮತ್ತೆ ಮುರಿದವು, ವಿಯೆಟ್ನಾಮಿನವರು ಮತ್ತೆ ಮತ್ತೆ ಜೋಡಿಸಿದರು. ಎತ್ತರದ ಕಮಾನುಗಳಿರುವ ಭಾಗ ಹಳೆಯದು, ನಡುವೆ ಕಮಾನಿಲ್ಲದೆ ತಗ್ಗಾಗಿರುವ ಭಾಗ ದುರಸ್ತಿಯದು. ನದಿಯ ದಡದಿಂದ ನೋಡಿದರೆ ಬಾಂಬ್ ಎಲ್ಲಿ ಬಿತ್ತೆಂದು ನೀವೇ ಓದಿಕೊಳ್ಳಬಹುದು. ನಡುವೆ ರೈಲು, ಅದರ ಎರಡೂ ಬದಿಗೆ ಬೈಕುಗಳು, ಅಂಚಿನಲ್ಲಿ ನಡೆಯುವವರು. ಇಡೀ ದೇಶ ಬಲಕ್ಕೆ ಚಲಿಸಿದರೂ ಈ ಸೇತುವೆಯ ಮೇಲೆ ಮಾತ್ರ ಬೈಕುಗಳು ನಮ್ಮಲ್ಲಿಯ ಹಾಗೆ ಎಡಬದಿಯಲ್ಲಿ ಹೋಗುತ್ತವೆ.

ಸೇತುವೆಯ ಮಧ್ಯದಲ್ಲಿ ನಿಂತಿದ್ದಾಗ ನಮ್ಮವರು ಕಬ್ಬಿಣದ ಕಟಕಟೆಯ ಮೇಲೆ ಅಂಗೈ ಇಟ್ಟು "ರೈಲು ಬರುತ್ತಿದೆ" ಎಂದರು. ಬೈಕುಗಳ ಸದ್ದಿನಲ್ಲಿ ನನಗೆ ಏನೂ ಕೇಳಿಸಿರಲಿಲ್ಲ. ನಾನೂ ಕೈ ಇಟ್ಟು ನೋಡಿದೆ. ಕಬ್ಬಿಣ ನವಿರಾಗಿ ನಡುಗುತ್ತಿತ್ತು. ರೈಲು ಕಣ್ಣಿಗೆ ಬಿದ್ದದ್ದು ಅದಾದ ಮೇಲೆ.

ಪ್ರಶ್ನೆ: ಯಾವ ತಿಂಗಳು ಹೋಗಬೇಕು? ವೀಸಾ ಹೇಗೆ? ಶ್ರವಣಸಾಧನ ಬಳಸುವವರು ಏನೇನು ಒಯ್ಯಬೇಕು? (ಓದುಗರು, ದಾವಣಗೆರೆ)

ಉತ್ತರ: ಅಕ್ಟೋಬರ್, ನವೆಂಬರ್ ಒಳ್ಳೆಯದು. ಫೆಬ್ರುವರಿ, ಮಾರ್ಚ್‌ನಲ್ಲಿ ತುಂತುರು ಹಿಡಿದು ಗೋಡೆ ನೆಲವೂ ಬೆವರುವಷ್ಟು ತೇವವಿರುತ್ತದೆ, ಸಾಧನಕ್ಕೆ ಅದು ಕೆಡುಕು. ಚಾಂದ್ರಮಾನದ ಹೊಸವರ್ಷವಾದ ತೇತ್ ಹಬ್ಬಕ್ಕೆ ಜನ ತಮ್ಮ ತಮ್ಮ ಊರಿಗೆ ಹೋಗುವುದರಿಂದ ಹನೋಯ್ ಅಪರೂಪಕ್ಕೆ ಶಾಂತವಾಗಿರುತ್ತದೆ, ಆದರೆ ಅಂಗಡಿಗಳೂ ಮುಚ್ಚಿರುತ್ತವೆ. ಇ-ವೀಸಾವನ್ನು 2023ರ ಆಗಸ್ಟ್ 15ರಿಂದ 90 ದಿನಗಳವರೆಗೆ ಕೊಡುತ್ತಿದ್ದಾರೆ, ಒಂದು ಪ್ರವೇಶಕ್ಕೆ 25 ಡಾಲರ್. ಸರ್ಕಾರದ ಜಾಲತಾಣದಂತೆಯೇ ಕಾಣುವ, ಹೆಚ್ಚು ಹಣ ಕೀಳುವ ಬೇರೆ ತಾಣಗಳಿವೆ, ನೋಡಿಕೊಳ್ಳಿ.

ಬ್ಯಾಟರಿಗಳನ್ನು ದುಪ್ಪಟ್ಟು ಒಯ್ಯಿರಿ. ರಾತ್ರಿ ಸಾಧನವನ್ನು ಒಣಗಿಸಿಡಲು ತೇವ ಹೀರುವ ಗುಳಿಗೆಗಳಿರುವ ಡಬ್ಬ ಬೇಕೇ ಬೇಕು. ಹೊರಡುವ ಮೊದಲು ನಿಮ್ಮ ಶ್ರವಣತಜ್ಞರಲ್ಲಿಗೆ ಹೋಗಿ ಗದ್ದಲದ ಜಾಗಕ್ಕೆಂದು ಪ್ರತ್ಯೇಕ ಸೆಟ್ಟಿಂಗ್ ಹಾಕಿಸಿಕೊಳ್ಳಿ. ಎದುರಿನವರ ಮಾತನ್ನು ಹೆಚ್ಚಿಸಿ ಹಿಂದಿನ ಸದ್ದನ್ನು ತಗ್ಗಿಸುವ ಈ ಸೌಲಭ್ಯ ನಮ್ಮವರ ಸಾಧನದಲ್ಲಿ ಮೊದಲಿನಿಂದಲೂ ಇತ್ತು, ನಮಗೆ ತಿಳಿದದ್ದು ಹಿಂದಿರುಗಿದ ಮೇಲೆ.

ಪ್ರಶ್ನೆ: ಒಬ್ಬರಿಗೆ ಸಂತೆ ಇಷ್ಟ, ಇನ್ನೊಬ್ಬರಿಗೆ ಏಕಾಂತ. ಒಂಬತ್ತು ದಿನ ಜಗಳವಾಗಲಿಲ್ಲವೇ? (ಓದುಗರು, ಧಾರವಾಡ)

ಉತ್ತರ: ಆಯಿತು, ಐದನೆಯ ದಿನ. ದೋಂಗ್ ಸುವಾನ್ ಮಾರುಕಟ್ಟೆಯಲ್ಲಿ ನಾನು ಇನ್ನೊಂದು ಮಹಡಿ, ಇನ್ನೊಂದು ಸಾಲು ಎಂದು ಎಳೆದುಕೊಂಡು ಹೋಗುತ್ತಿದ್ದೆ. ಅವರು ಎರಡು ಸಲ "ಸಾಕು" ಎಂದದ್ದನ್ನು ನಾನು ಕೇಳಿಸಿಕೊಳ್ಳಲಿಲ್ಲ. ಮೂರನೆಯ ಸಲ ಅವರು ಹೇಳಲಿಲ್ಲ, ಮೆಟ್ಟಿಲ ಮೇಲೆ ಕುಳಿತು ತಲೆ ಹಿಡಿದುಕೊಂಡರು. ಕಿವಿ ಕೇಳಿಸದವರು ಅವರು, ಆದರೆ ಅಂದು ಕೇಳಿಸಿಕೊಳ್ಳದೆ ಇದ್ದವಳು ನಾನು. ಆ ಸಂಜೆ ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ಮರುದಿನದಿಂದ ಬೆಳಗಿನ ಮೂರು ಗಂಟೆಗಳನ್ನು ಬೇರೆಬೇರೆಯಾಗಿ ಕಳೆಯೋಣ ಎಂದು ಅವರೇ ಹೇಳಿದರು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಪರವೂರಿನಲ್ಲಿ ನಾವು ಬೇರೆಬೇರೆ ಓಡಾಡಿದ್ದಿಲ್ಲ, ನನಗೆ ಅಳುಕಿತ್ತು. ನಾನು ಮಾರುಕಟ್ಟೆಗೆ ಹೋದೆ. ಅವರು ವಾನ್ ಮಿಯೆವ್ ಎಂಬ ವಿದ್ಯಾದೇಗುಲಕ್ಕೆ ಹೋಗಿ ಕುಳಿತರು. 1070ರಲ್ಲಿ ಕಟ್ಟಿದ ಕನ್ಫ್ಯೂಷಿಯಸ್‌ನ ಆ ಗುಡಿಯಲ್ಲಿ ಒಂದರ ಹಿಂದೊಂದು ಐದು ಅಂಗಳಗಳಿವೆ, ಆಮೆಗಳ ಬೆನ್ನ ಮೇಲೆ ನಿಲ್ಲಿಸಿದ 82 ಶಿಲಾಶಾಸನಗಳಲ್ಲಿ 1442ರಿಂದ 1779ರವರೆಗಿನ ಪರೀಕ್ಷೆಗಳಲ್ಲಿ ಗೆದ್ದವರ ಹೆಸರುಗಳಿವೆ. ಜೀವನವಿಡೀ ಪಾಠ ಹೇಳಿದ ಮೇಷ್ಟ್ರು ಅವರು. ಮೂರು ಬೆಳಗೂ ಅಲ್ಲಿಗೇ ಹೋದರು, ಬೇರೆಲ್ಲೂ ಬೇಡವೆಂದರು.

ಸೇರುವ ಜಾಗ ಮಾತ್ರ ಖಚಿತವಾಗಿರಬೇಕು, ಏಕೆಂದರೆ ಬೀದಿಯ ಸದ್ದಿನಲ್ಲಿ ಅವರಿಗೆ ಫೋನ್ ಕರೆ ತಿಳಿಯುವುದಿಲ್ಲ. ಸರೋವರದ ದಡದಲ್ಲಿ, ನ್ಗೋಕ್ ಸೋನ್ ಗುಡಿಗೆ ಹೋಗುವ ದಾರಿಯಲ್ಲಿ, 1865ರಲ್ಲಿ ಕಟ್ಟಿದ ಲೇಖನಿ ಗೋಪುರವಿದೆ. ತುದಿ ಕುಂಚದ ಆಕಾರದಲ್ಲಿದ್ದು, ಮೈಮೇಲೆ "ನೀಲಿ ಆಕಾಶದ ಮೇಲೆ ಬರೆ" ಎಂಬರ್ಥದ ಅಕ್ಷರಗಳಿವೆ. 11 ಗಂಟೆಗೆ ಅದರ ಕೆಳಗೆ, ತಡವಾದರೆ ಬಂದವರು ಅಲ್ಲಿಂದ ಕದಲಬಾರದು, ಎಂಬುದು ನಮ್ಮ ಒಪ್ಪಂದ. ಮೂರು ದಿನವೂ ನಾನೇ ತಡ. ದೂರದಿಂದ ನೋಡಿದರೆ ಅವರು ಸಾಧನವನ್ನು ಕೈಯಲ್ಲಿ ಹಿಡಿದುಕೊಂಡು ನಿಂತಿರುತ್ತಿದ್ದರು, ನಾನು ಹತ್ತಿರ ಬಂದದ್ದು ಕಂಡ ಮೇಲೆ ಅದನ್ನು ಕಿವಿಗೆ ಹಾಕಿಕೊಂಡು "ಹೇಳು, ಏನೇನು ಕೊಂಡೆ?" ಎಂದು ಕೇಳುತ್ತಿದ್ದರು.